ಮೂರರ ಲೆಕ್ಕಕ್ಕೆ ತಿರುಗುವ ಕಮಾನು

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಜನ ಹೋಗುವುದು ಪೊಳ್ಳಿಲೂರು ಕದನದ ಚಿತ್ರ ನೋಡಲು. 1784ರ ಆ ಅರಮನೆಯ ಗೋಡೆಯಲ್ಲಿ ಪಿಟೀಲು ನುಡಿಸುವ ಹೆಂಗಸೊಬ್ಬಳೂ ಇದ್ದಾಳೆಂದು ಸಂಗೀತದ ಚರಿತ್ರೆ ಬರೆದವರು ಹೇಳುತ್ತಾರೆ. ಗೋಡೆಗೆ ಆಮೇಲೆ ಮತ್ತೆ ಬಣ್ಣ ಬಿದ್ದಿರುವುದರಿಂದ ವಾದಕ್ಕೆ ಜಾಗವಿದೆ.

ಮುಂದಿನದು ಮದರಾಸಿನ ಕಥೆ. ಬಾಲುಸ್ವಾಮಿ ದೀಕ್ಷಿತರು ಅಲ್ಲಿ ಯುರೋಪಿನವರಿಂದ ಪಿಟೀಲು ಕಲಿತರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಅವೇ ನೊಟ್ಟುಸ್ವರಗಳು. ‘ವಂದೇ ಮೀನಾಕ್ಷಿ’ಯ ಮಟ್ಟು ಐರಿಷ್ ಕುಣಿತದ್ದು.

ಐರಿಷರ ಜಿಗ್ ಎಂಬ ಕುಣಿತದಲ್ಲಿ ಸ್ವರಗಳು ಮೂರು ಮೂರಾಗಿ ಬರುತ್ತವೆ. ನಮ್ಮ ಕಿವಿಗೆ ಅದು ತಿಶ್ರ ನಡೆ, ತಕಿಟ ತಕಿಟ. ಕಮಾನಿಗೆ ಇಲ್ಲೇ ಪೇಚು. ಬುಡದಿಂದ ತುದಿಗೆ ಎಳೆತ, ತುದಿಯಿಂದ ಬುಡಕ್ಕೆ ನೂಕು. ಸ್ವರಕ್ಕೊಂದರಂತೆ ಹೋದರೆ ಮೊದಲ ‘ತ’ ಎಳೆತದಲ್ಲಿ, ಎರಡನೆಯ ‘ತ’ ನೂಕಿನಲ್ಲಿ ಬೀಳುತ್ತದೆ. ಎಳೆತಕ್ಕೆ ಕೈಯ ಭಾರವಿದೆ, ತುದಿಯಿಂದ ಹೊರಟ ನೂಕಿಗೆ ಅಷ್ಟಿಲ್ಲ. ಅದಕ್ಕೇ ಒಂದು ದಾರಿ: ‘ತಕಿ’ ಎರಡನ್ನೂ ಒಂದೇ ಎಳೆತದಲ್ಲಿ ಕಟ್ಟಿ, ‘ಟ’ವನ್ನು ಚುರುಕಾಗಿ ನೂಕುವುದು. ಆಗ ಪ್ರತಿ ಪೆಟ್ಟೂ ಎಳೆತದಲ್ಲೇ ಸಿಗುತ್ತದೆ. ಇನ್ನೊಂದು, ಹಿಂದಿನ ‘ಟ’ವನ್ನು ಮುಂದಿನ ‘ತ’ಕ್ಕೆ ಅಂಟಿಸುವುದು, ಪೆಟ್ಟು ಕೊಂಚ ಮರೆಯಾಗಿ ಕುಣಿತಕ್ಕೆ ತೂಗು ಬರುತ್ತದೆ. ಕೆಲಸವೆಲ್ಲ ಮಣಿಕಟ್ಟಿನದು. ತೋಳು ಬೀಸಿದವನ ಕುಣಿತ ಕುಂಟುತ್ತದೆ.

ತೋಳು ಬೀಸಿಯೇ ಗೆದ್ದವರೊಬ್ಬರಿದ್ದರು. ಶ್ರೀರಂಗಪಟ್ಟಣವನ್ನು ಸುತ್ತಿದ ಕಾವೇರಿ ಕಪಿಲೆಯನ್ನು ಕೂಡುವ ತಿರುಮಕೂಡಲಿನ ಟಿ. ಚೌಡಯ್ಯ (1895–1967), ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಮೈಕಿಲ್ಲದ ಸಭೆಯಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿದರು. ಹೀಗೆ ಜೋಡಿಯಾದ ತಂತಿಗಳು ಒಟ್ಟಿಗೆ ಮಿಡಿಯಬೇಕಾದರೆ ಕಮಾನು ಒತ್ತಿ, ಉದ್ದಕ್ಕೆ ಎಳೆಯಬೇಕು. ಗಾಯಕನ ಉಸಿರಿನಷ್ಟು ಉದ್ದ. ಜಿಗ್ಗಿನ ತುಂಡು ಕಮಾನಿಗೆ ಇದು ಪೂರಾ ಎದುರು. ನನ್ನ ಮಟ್ಟಿಗೆ ಎರಡನ್ನೂ ಕಲಿತ ಕೈಯೇ ಪೂರ್ಣ ಕೈ. ಕಲಿಯುವ ಮಕ್ಕಳಿಗೆ ಸರಳೆ, ಜಂಟಿಯ ಜೊತೆಗೇ ತಿಶ್ರದ ನೊಟ್ಟುಸ್ವರವನ್ನೂ ಹೇಳಿಕೊಟ್ಟರೆ ನಷ್ಟವೇನೂ ಇಲ್ಲ.

ಚೌಡಯ್ಯನವರ ಹೆಸರಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಏಳು ತಂತಿ ನುಡಿಸುವವರು ಮಾತ್ರ ವಿರಳವಾದರು. ಇನ್ನು ಹಳ್ಳಿಗಳಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಭಜನೆಗೆ, ಹಾರ್ಮೋನಿಯಂ ಸಾಕು. ಅಲ್ಲಿನ ಹುಡುಗಿಯೊಬ್ಬಳಿಗೆ ಕಮಾನು ಹಿಡಿಯುವ ಆಸೆಯಾದರೆ ಕೆ.ಆರ್. ಪೇಟೆಗೆ ಬಂದು ಮೈಸೂರಿನ ಬಸ್ಸು ಹತ್ತಬೇಕಾದೀತು.