ಬೆಡಿಯ ಮದ್ದು ಬೇರೆ, ಕೋವಿಯ ಮದ್ದು ಬೇರೆ

ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಗೆ ಹೋದವರಿಗೆ ಗೊತ್ತು. ಏಪ್ರಿಲ್ 17ರ ರಾತ್ರಿ ಬ್ರಹ್ಮರಥೋತ್ಸವ, ಅದರ ಜೊತೆಗೆ ‘ಪುತ್ತೂರು ಬೆಡಿ’. ಸುಡುಮದ್ದಿನ ಆ ಸದ್ದು ಎದೆಗೇ ಬಂದು ಬಡಿಯುತ್ತೆ. ತುಳುವಿನಲ್ಲಿ ಸುಡುಮದ್ದಿಗೂ ಬೆಡಿ ಅಂತಾರೆ, ಕೋವಿಗೂ ಬೆಡಿ ಅಂತಾರೆ. ಪದ ಒಂದೇ, ಆದ್ರೆ ಒಳಗಿನ ಮದ್ದು ಒಂದೇ ಅಲ್ಲ. ಇವತ್ತಿನ ಮಾತು ಆ ವ್ಯತ್ಯಾಸದ ಬಗ್ಗೆ. ಅದನ್ನು ಮರೆತರೆ ಹೋಗೋದು ಕೈ, ಕಣ್ಣು, ಕೆಲವೊಮ್ಮೆ ಜೀವ.

ಕಾಡಾನೆ ಹಾವಳಿಯ ಬಗ್ಗೆ ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಕಡಬ ಕಡೆಯ ಅಡಿಕೆ ಬೆಳೆಗಾರರೊಬ್ಬರ ಫೋನು. “ಸರ್, ನನ್ನದು ಕೇಪಿನ ಕೋವಿ. ಲೈಸೆನ್ಸ್ ಉಂಟು. ಅದರ ಮದ್ದು ಸಿಗುವುದೇ ಕಷ್ಟ ಆಗಿದೆ. ಪಕ್ಕದ ಮನೆಯವರ ಹತ್ರ ಹನ್ನೆರಡು ಬೋರಿನ ತೋಟೆ ಉಂಟು. ಅದನ್ನು ಬಿಚ್ಚಿ ಮದ್ದು ಇದಕ್ಕೆ ಹಾಕಿದ್ರೆ ಆಗ್ತದಾ? ಅಮೆರಿಕದಲ್ಲಿ ಮ್ಯಾಗ್ನಂ ರಿವಾಲ್ವರಿನ ತೋಟೆಯನ್ನೇ ಮನೆಯಲ್ಲಿ ತುಂಬಿಸ್ತಾರಲ್ಲ, ವಿಡಿಯೋದಲ್ಲಿ ನೋಡಿದೆ.”

ಬೇಡಿ ಅಂದೆ. ಖಂಡಿತ ಬೇಡಿ ಅಂದೆ. ಆದ್ರೆ ಯಾಕೆ ಬೇಡ ಅಂತ ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಅದನ್ನ ಇಲ್ಲಿ ಹೇಳ್ತೀನಿ.

ಮೊದಲಿಗೆ ಒಂದು ಮಾತು. ಅವರ ಪ್ರಶ್ನೆಯನ್ನ ದಡ್ಡತನ ಅನ್ನಬೇಡಿ. ಪುತ್ತೂರು, ಸುಳ್ಯ, ಕಡಬದಲ್ಲಿ ಕೋವಿ ಶೋಕಿಯ ವಸ್ತು ಅಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಒಂದೇ ಬೆಳಗ್ಗೆ ಆನೆ ದಾಳಿಗೆ ಇಬ್ಬರು ಪ್ರಾಣ ಕಳೆದುಕೊಂಡರು. ಹಂದಿ ಬಾಳೆಬುಡ ಅಗೆಯುತ್ತೆ, ಮಂಗ ಎಳನೀರು ಕೆಡವುತ್ತೆ. ಹೊತ್ತು ಮುಳುಗಿದ ಮೇಲೆ ತೋಟದ ಮನೆಗೆ ಇರುವ ಧೈರ್ಯ ಆ ಒಂದು ಕೋವಿ. ಚುನಾವಣೆ ಬಂತು ಅಂದ್ರೆ ಅದನ್ನೂ ಠಾಣೆಯಲ್ಲಿ ಠೇವಣಿ ಇಡಬೇಕು ಅನ್ನುವ ಸಂಕಟ ಬೇರೆ.

ಇನ್ನು ವಿಷಯಕ್ಕೆ ಬರೋಣ. ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕಲಿತ ಕಣ್ಣಿಂದ ನೋಡಿದ್ರೆ ಕೋವಿ ಅನ್ನೋದು ಒಂದು ಕುಕ್ಕರ್. ಒಳಗೆ ಅನಿಲ ಹುಟ್ಟುತ್ತೆ, ಒತ್ತಡ ಏರುತ್ತೆ, ಪಾತ್ರೆ ತಡೆಯಬೇಕು. ಒತ್ತಡ ಅಳೆಯೋದು ಪಿಎಸ್‌ಐ ಲೆಕ್ಕದಲ್ಲಿ. ಠಾಣೆಯ ಪಿಎಸ್‌ಐ ಅಲ್ಲ, ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನುವ ಲೆಕ್ಕ. ನಿಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯೋದು ಸುಮಾರು 15ಕ್ಕೆ. ಕಾರಿನ ಟಯರಿನಲ್ಲಿ ಇರೋದು 30ರ ಆಸುಪಾಸು. ಹನ್ನೆರಡು ಬೋರಿನ ಸಾಮಾನ್ಯ ತೋಟೆಗೆ ಅಮೆರಿಕದ ಮಾನದಂಡ ಹಾಕಿರುವ ಮಿತಿ 11,500. ನಮ್ಮಲ್ಲಿ ಕೆಲವರ ಬಳಿ ಇರುವ .32 ರಿವಾಲ್ವರಿನ ತೋಟೆಗೆ 15,000. ಆ ವಿಡಿಯೋದ .44 ಮ್ಯಾಗ್ನಂಗೆ 36,000. ಅಂದ್ರೆ ಮುಷ್ಟಿಯೊಳಗೆ ಹಿಡಿದ ವಸ್ತುವಿನಲ್ಲಿ 2,400 ಕುಕ್ಕರ್‌ಗಳ ಒತ್ತಡ! ಅದೂ ಕಣ್ಣು ಮಿಟುಕಿಸುವಷ್ಟರೊಳಗೆ. ಸೀಟಿ ಇಲ್ಲ, ಸೇಫ್ಟಿ ವಾಲ್ವ್ ಇಲ್ಲ.

ಈಗ ಮದ್ದಿಗೆ ಬನ್ನಿ. ನಮ್ಮ ಊರಿನಲ್ಲಿ ಕಾಣುವ ಮದ್ದು ಮೂರು ಬಗೆ. ಒಂದು, ಕೇಪಿನ ಕೋವಿಯ ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ಹೊಗೆ ಜಾಸ್ತಿ, ಬಲ ಮಿತ. ಎರಡು, ತೋಟೆಯೊಳಗಿನ ಹೊಗೆಯಿಲ್ಲದ ಮದ್ದು. ಇದನ್ನ 1884ರಲ್ಲಿ ಪಾಲ್ ವಿಯೇಲ್ ಅನ್ನುವ ಫ್ರೆಂಚ್ ರಸಾಯನ ವಿಜ್ಞಾನಿ ಕೋವಿಗೆ ಒಗ್ಗಿಸಿದರು. ಅಷ್ಟೇ ತೂಕದ ಕರಿಮದ್ದಿಗಿಂತ ಇದರ ಶಕ್ತಿ ಬಹಳ ಹೆಚ್ಚು. ಮೂರು, ಪಟಾಕಿಯ ಬೆಳ್ಳಿಬಣ್ಣದ ಮದ್ದು. ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತೆ. ಅದು ಉರಿಯೋದಲ್ಲ, ಸಿಡಿಯೋದು.

ಎರಡನೇ ಮದ್ದಿನ ಒಂದು ಗುಣ ಗೊತ್ತಿರಬೇಕು. ಒತ್ತಡ ಹೆಚ್ಚಾದಷ್ಟೂ ಅದು ಇನ್ನೂ ವೇಗವಾಗಿ ಉರಿಯುತ್ತೆ, ವೇಗವಾಗಿ ಉರಿದಷ್ಟೂ ಒತ್ತಡ ಮತ್ತೆ ಏರುತ್ತೆ. ಹಾಗಾಗಿ ಮದ್ದು ಸ್ವಲ್ಪ ಹೆಚ್ಚಾದರೆ ಒತ್ತಡ ಸ್ವಲ್ಪ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತೆ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕರಿಮದ್ದಿಗೆ ಅಂತ ಮಾಡಿದ ನಳಿಗೆಗೆ ಇದನ್ನ ಹಾಕಿದರೆ ಕೋವಿ ಬಾಂಬ್ ಆಗುತ್ತೆ. ‘ಕಡಿಮೆ ಹಾಕ್ತೇನೆ’ ಅಂದ್ರೂ ಪ್ರಯೋಜನ ಇಲ್ಲ. ಎಷ್ಟು ಕಡಿಮೆ ಅನ್ನೋದಕ್ಕೆ ಸುರಕ್ಷಿತ ಅಳತೆಯೇ ಇಲ್ಲ. ಮೂರನೆಯದಂತೂ ಯಾವ ಕೋವಿಗೂ ಹಾಕುವಂಥದ್ದಲ್ಲ.

ಹಾಗಾದ್ರೆ ಅಮೆರಿಕದವರು ಹೇಗೆ ತುಂಬಿಸ್ತಾರೆ? ಅದರ ಕಥೆ ಕೇಳಿ. ಎಲ್ಮರ್ ಕೀತ್ ಅಂತ ಒಬ್ಬರಿದ್ದರು. ಕೈಯಾರೆ ತೋಟೆ ತುಂಬಿಸುವವರ ಲೋಕದಲ್ಲಿ ದೊಡ್ಡ ಹೆಸರು. 1925ರಲ್ಲಿ ಅವರು ಬಲವಾಗಿ ತುಂಬಿದ ತೋಟೆಗೆ ಅವರ .45 ರಿವಾಲ್ವರ್ ಕೈಯಲ್ಲೇ ಒಡೆದುಹೋಯಿತು. ಆಮೇಲೆ ಅವರು .44ರ ಕಡೆ ಹೊರಳಿದರು. ಅಂಥ ಹವ್ಯಾಸಿಗಳ ಹುಡುಕಾಟದ ಬೆನ್ನಲ್ಲೇ ಕಂಪನಿಗಳು 1935ರಲ್ಲಿ .357 ಮ್ಯಾಗ್ನಂ, 1955ರ ಹೊತ್ತಿಗೆ .44 ಮ್ಯಾಗ್ನಂ ತಂದವು. ಆದ್ರೆ ಹೇಗೆ ತಂದವು? ಒತ್ತಡ ಅಳೆಯುವ ಪರೀಕ್ಷಾ ನಳಿಗೆಯಲ್ಲಿ ಹೊಡೆದು ನೋಡಿ, ಅದನ್ನ ತಡೆಯುವ ಗಟ್ಟಿ ರಿವಾಲ್ವರ್ ಮಾಡಿ ತಂದವು. ಇನ್ನೊಂದು ಜಾಣತನ ಮಾಡಿದರು. ಹೊಸ ತೋಟೆಯ ಹಿತ್ತಾಳೆ ಕೋಶವನ್ನ ಹಳೆಯದಕ್ಕಿಂತ ಸುಮಾರು ಒಂದು ಇಂಚಿನ ಎಂಟನೇ ಒಂದು ಭಾಗ ಉದ್ದ ಮಾಡಿದರು. ಯಾಕೆ? ಹಳೇ ರಿವಾಲ್ವರಿಗೆ ಅದು ಹಿಡಿಸಲೇಬಾರದು ಅಂತ! ಮನುಷ್ಯ ಮರೆತರೂ ಲೋಹ ಮರೆಯದಿರಲಿ ಅಂತ.

ಇವತ್ತು ಅಲ್ಲಿ ಮನೆಯಲ್ಲಿ ತುಂಬಿಸುವವರೂ ಮದ್ದಿನ ಕಂಪನಿ ಅಚ್ಚು ಹಾಕಿಸಿದ ಕೋಷ್ಟಕ ಬಿಟ್ಟು ಒಂದು ಕಾಳು ಅತ್ತಿತ್ತ ಹೋಗಬಾರದು. ಇಂಥ ಮದ್ದು, ಇಂಥ ಗುಂಡು, ಇಂಥ ಕೇಪು, ಇಷ್ಟೇ ತೂಕ. ಒಂದು ಬದಲಾದರೆ ಲೆಕ್ಕ ಮೊದಲಿಂದ. ಅಷ್ಟಾದರೂ ಅಪಘಾತ ಆಗುತ್ತೆ. ಕೆಲವು ಮದ್ದು ಕೋಶದ ಅರ್ಧವನ್ನೂ ತುಂಬಲ್ಲ, ಮಾತಾಡ್ತಾ ಎರಡು ಸಲ ಸುರಿದರೂ ಹೊರಗಿನಿಂದ ತಿಳಿಯಲ್ಲ. ಮದ್ದು ಹಾಕೋದೇ ಮರೆತರೆ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತೆ. ಗೊತ್ತಾಗದೆ ಮುಂದಿನ ಈಡು ಹೊಡೆದರೆ ನಳಿಗೆ ಬಿರಿಯುತ್ತೆ. ವಿಡಿಯೋದಲ್ಲಿ ಹತ್ತು ನಿಮಿಷದ ಕೈಚಳಕ ಕಾಣುತ್ತೆ. ಅದರ ಹಿಂದಿನ ತಕ್ಕಡಿ, ಕೋಷ್ಟಕ, ಪರೀಕ್ಷಾಲಯ ಕಾಣಲ್ಲ. ನಮ್ಮ ತೋಟದ ಮನೆಯಲ್ಲಿ ಇವು ಯಾವುದೂ ಇಲ್ಲ.

ಕಾನೂನೂ ಬಿಡಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಪ್ರತ್ಯೇಕ ಪರವಾನಗಿ ಬೇಕು. ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟೆ ಮಾಡುವ ಲೈಸೆನ್ಸ್ ಬಂದ ಹಾಗಲ್ಲ.

ಕೇಪಿನ ಕೋವಿಯನ್ನಂತೂ ಕೈಯಿಂದಲೇ ತುಂಬಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಅದನ್ನ ಇಟ್ಟುಕೊಂಡವರು ನಾಲ್ಕು ವಿಷಯ ನೆನಪಿಡಿ. ಠಾಣೆಯಿಂದ ವಾಪಸ್ ತಂದ ಕೋವಿಯನ್ನ ಹಾಗೇ ತುಂಬಬೇಡಿ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ನಳಿಗೆಯಲ್ಲಿ ತುಕ್ಕು ಇರಬಹುದು, ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಮೊದಲು ಖಾಲಿ ಅಂತ ಖಚಿತ ಮಾಡಿಕೊಂಡು ಶುಚಿ ಮಾಡಿ. ಎರಡನೆಯದು, ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗುರುತು ಹಾಕಿಡಿ. ಮುಂದೆ ಯಾವಾಗ ಇಳಿಸಿದರೂ ಆ ಗುರುತು ಮೇಲೆ ನಿಂತರೆ ಒಳಗೆ ಮದ್ದು ಇದೆ ಅಂತ. ತುಂಬಿದ್ದು ಮರೆತು ಮತ್ತೊಮ್ಮೆ ತುಂಬುವ ಅಪಾಯ ಇದರಿಂದ ತಪ್ಪುತ್ತೆ. ಮೂರು, ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ. ಹಿಂದಿನ ಈಡಿನ ಕಿಡಿ ಒಳಗಿದ್ದರೆ ಡಬ್ಬಿಯೇ ಹೊತ್ತುತ್ತೆ. ನಾಲ್ಕು, ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದು ಕೇಪು ಹೊಡೆದರೂ ಈಡು ಹಾರದಿದ್ದರೆ, ಬಾಯಿ ಇಣುಕಿ ನೋಡಬೇಡಿ. ಜನ ಇಲ್ಲದ ಕಡೆಗೆ ಮುಖಮಾಡಿ ಹಿಡಿದು ಒಂದೆರಡು ನಿಮಿಷ ಕಾಯಿರಿ. ತಡವಾಗಿ ಹಾರುವುದುಂಟು.

ಇನ್ನೊಂದು ಮಾತು. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ, 1972ರಿಂದ ವನ್ಯಜೀವಿ ಕಾಯ್ದೆ ಇದೆ. ತೋಟಕ್ಕೆ ಬಂದ ಪ್ರಾಣಿಯನ್ನ ಓಡಿಸೋಕೆ ಬೇಕಾಗಿರೋದು ಸದ್ದು. ಆ ಸದ್ದಿಗೆ ಮ್ಯಾಗ್ನಂ ಬಲ ಬೇಕಿಲ್ಲ.

ಕೊನೆಗೆ ಆಡಳಿತದವರಿಗೆ ಒಂದು ಪ್ರಶ್ನೆ. ಲೈಸೆನ್ಸ್ ಕೊಟ್ಟವರು ನೀವು. ಚುನಾವಣೆಗೆ ಕೋವಿ ಒಳಗಿಟ್ಟು, ಮುಗಿದ ಮೇಲೆ ವಾಪಸ್ ಕೊಡುವವರೂ ನೀವು. ಆ ಕೋವಿಗೆ ಸರಿಯಾದ ಮದ್ದು ತಾಲೂಕಿನಲ್ಲೇ, ಕಾನೂನಿನ ದಾರಿಯಲ್ಲೇ ಸಿಗುವ ಹಾಗೆ ನೋಡಿಕೊಳ್ಳುವುದು ಯಾರ ಕೆಲಸ? ಸರಿಯಾದ ಮದ್ದು ಸಿಗದ ಊರಿನಲ್ಲೇ ತಪ್ಪು ಮದ್ದು ನಳಿಗೆ ಸೇರೋದು.

ಫೋನ್ ಮಾಡಿದ ಆ ಅಣ್ಣನಿಗೆ ಮತ್ತೊಮ್ಮೆ ಹೇಳ್ತೀನಿ. ಪಕ್ಕದ ಮನೆಯ ತೋಟೆ ಅವರ ಹತ್ರವೇ ಇರಲಿ. ಅದು ನಿಮ್ಮ ಕೈಗೆ ಬರೋದೇ ತಪ್ಪು. ಈ ವರ್ಷ ಹೋದ ಅಡಿಕೆ ಮುಂದಿನ ವರ್ಷ ಮತ್ತೆ ಬರ್ತದೆ. ಹೋದ ಬೆರಳು ಬರಲ್ಲ.