ಗಾಳಿಪಟ ಎಳೆಯುವ ಹಲಗೆಗೆ ಮರುಜೀವ

ಕ್ರಿಕೆಟ್ ಲೋಕದ ಹಿರಿಯಜ್ಜ ಡಬ್ಲ್ಯು.ಜಿ. ಗ್ರೇಸ್ ಹೆಸರು ಕೇಳದವರು ಕಡಿಮೆ. ಆತನ ತಾಯಿ ಮಾರ್ಥಾ ಚಿಕ್ಕ ಹುಡುಗಿಯಾಗಿದ್ದಾಗ ಕುರ್ಚಿಯಲ್ಲಿ ಕುಳಿತು ಗಾಳಿಪಟದ ಬಲದಿಂದ ಮೇಲಕ್ಕೇರಿದ್ದಳು ಎಂಬುದು ಮಾತ್ರ ಅಷ್ಟಾಗಿ ಪ್ರಚಾರ ಪಡೆಯದ ಸಂಗತಿ. ಮಗಳನ್ನು ಹಾಗೆ ಏರಿಸುವ ಧೈರ್ಯ ಮಾಡಿದವನು ಆಕೆಯ ತಂದೆ, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಮೇಷ್ಟರು ಜಾರ್ಜ್ ಪೊಕಾಕ್. ಗಾಳಿಪಟ ಕಟ್ಟಿ ಎಳೆಸುವ ಗಾಡಿಗೆ ಈತ 1826ರಲ್ಲಿ ಪೇಟೆಂಟನ್ನೂ ಪಡೆದ. ಆಗ ಅಲ್ಲಿನ ರಸ್ತೆಗಳಲ್ಲಿ ಕುದುರೆಗಳ ಲೆಕ್ಕದಲ್ಲಿ ಸುಂಕ ವಸೂಲಾಗುತ್ತಿತ್ತು. ಕುದುರೆಯೇ ಇಲ್ಲದ ಈ ಗಾಡಿಗೆ ಎಷ್ಟು ಸುಂಕ ಹಾಕಬೇಕೆಂದು ತಿಳಿಯದೆ ಸುಂಕದ ಕಟ್ಟೆಯವರು ಹಾಗೇ ಬಿಟ್ಟರಂತೆ.

ಮೇಷ್ಟರ ಗಾಡಿ ಬಳಕೆಗೆ ಬರಲಿಲ್ಲ. ಗಾಳಿ ಬೀಸಿದ ಕಡೆಗೆ ರಸ್ತೆ ಹೋಗುವುದಿಲ್ಲವಲ್ಲ! ಮರ, ಮನೆ, ತಿರುವು ಎಲ್ಲವೂ ಅಡ್ಡಿಯೇ. ಗಾಳಿಪಟಕ್ಕೆ ಬೇಕಾದದ್ದು ಬಟ್ಟಬಯಲು. ಸ್ವಾರಸ್ಯವೆಂದರೆ ಅಂಥ ಬಯಲು ಮೇಷ್ಟರ ಊರಿಗೆ ದೂರವೇನೂ ಇರಲಿಲ್ಲ. ಸಮುದ್ರದ ಉಬ್ಬರವಿಳಿತ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ತಾಣಗಳಲ್ಲಿ ಬ್ರಿಸ್ಟಲ್ ಚಾನೆಲ್ ಒಂದು. ನೀರು ಹಿಂದೆ ಸರಿದರೆ ವೆಸ್ಟನ್-ಸೂಪರ್-ಮೇರ್, ಬ್ರೀನ್ ಊರುಗಳ ಎದುರು ಗಟ್ಟಿ ಮರಳಿನ ಮೈದಾನವೇ ತೆರೆದುಕೊಳ್ಳುತ್ತದೆ. ಪೊಕಾಕನ ಕನಸನ್ನು ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಆಟವಾಗಿಸಿದವರಲ್ಲಿ ಮುಖ್ಯನಾದವನು ನ್ಯೂಜಿಲೆಂಡಿನ ಆಶ್‌ಬರ್ಟನ್ನಿನ ಗಾಳಿಪಟ ತಯಾರಕ ಪೀಟರ್ ಲಿನ್. 1990ರ ಸುಮಾರಿಗೆ ಆತ ರೂಪಿಸಿದ ಮೂರು ಚಕ್ರದ ಪುಟ್ಟ ಬಂಡಿ ಬೇಗನೆ ಹೆಸರಾಯಿತು.

ಅದೇ ದಶಕದಲ್ಲಿ ಇನ್ನೊಂದು ಕಡೆ ಬೇರೊಂದು ಸಾಧನ ಹುಟ್ಟುತ್ತಿತ್ತು. ಹಿಮದ ಮೇಲೆ ಹಲಗೆಯಲ್ಲಿ ಜಾರುವವರಿಗೆ ಬೇಸಿಗೆಯಲ್ಲಿ ಕೆಲಸವಿಲ್ಲ. ಅವರು ಹಲಗೆಗೆ ಗಾಳಿ ತುಂಬಿದ ನಾಲ್ಕು ಚಕ್ರ ಜೋಡಿಸಿ ಹುಲ್ಲುಗುಡ್ಡ ಇಳಿಯತೊಡಗಿದರು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಇದು ನಡೆಯಿತು. ಗುಡ್ಡವೇ ಇಲ್ಲದ ಕಡೆ? ಗಾಳಿಪಟ ಇದೆಯಲ್ಲ! ಹೀಗೆ ಕೈಟ್ ಲ್ಯಾಂಡ್‌ಬೋರ್ಡ್ ಎಂಬ ಆಟ ರೂಪುಗೊಂಡಿತು. ಸವಾರ ಸೊಂಟಕ್ಕೆ ಪಟ್ಟಿ ಬಿಗಿದು, ಹಲವು ಚದರ ಮೀಟರ್ ಅಗಲದ ಬಟ್ಟೆಯ ಪಟವನ್ನು ಅದಕ್ಕೆ ಸಿಕ್ಕಿಸಿ, ಸುಮಾರು ಮೂರಡಿ ಉದ್ದದ ಹಲಗೆಯ ಮೇಲೆ ನಿಂತು ಓಡುತ್ತಾನೆ. ನುರಿತವನಾದರೆ ಹಲಗೆಸಮೇತ ಗಾಳಿಗೆ ಹಾರುತ್ತಾನೆ.

ಹಾರಿದವನು ಇಳಿಯಲೇಬೇಕು. ಹಲಗೆಯ ಪರೀಕ್ಷೆ ನಡೆಯುವುದು ಆಗಲೇ.

ಗಾಳಿಯ ವೇಗ ಎರಡರಷ್ಟಾದರೆ ಪಟದ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 15 ಕಿಲೋಮೀಟರ್ ಗಾಳಿಯಲ್ಲಿ ಸುಮ್ಮನಿದ್ದ ಬಿರುಕು 30 ಕಿಲೋಮೀಟರ್ ಗಾಳಿಯಲ್ಲಿ ಬಾಯಿ ಬಿಟ್ಟರೆ ಅಚ್ಚರಿಯಿಲ್ಲ. ಆ ಹೊತ್ತಿಗೆ ಸವಾರನ ಎರಡೂ ಪಾದಗಳು ಹಲಗೆಯ ಪಟ್ಟಿಗಳೊಳಗೆ ಸಿಕ್ಕಿರುತ್ತವೆ. ಹಾಗಾಗಿ ಸವೆದ ಹಲಗೆಯನ್ನು ರಿಪೇರಿ ಮಾಡುವುದೆಂದರೆ ಬಣ್ಣ ಬಳಿದು ಹೊಸದಾಗಿ ಕಾಣಿಸುವುದಲ್ಲ. ಕಾಲುಮೂಳೆ ಉಳಿಸಿಕೊಳ್ಳುವ ಪ್ರಶ್ನೆ. ಆದರೂ ಜನ ಹಳೆಯದನ್ನೇ ಸರಿಮಾಡಿಕೊಳ್ಳಲು ಕಾರಣವಿದೆ. ಇದು ಸಣ್ಣ ಆಟ, ಹೊಸ ಹಲಗೆ ದುಬಾರಿ. ಸಾಮಾನ್ಯವಾಗಿ ಇಡೀ ಹಲಗೆ ಒಟ್ಟಿಗೇ ಹಾಳಾಗುವುದೂ ಇಲ್ಲ.

ಮೊದಲು ಎಲ್ಲವನ್ನೂ ಬಿಚ್ಚಬೇಕು. ಚಕ್ರ, ಅಚ್ಚು, ಪಾದದ ಪಟ್ಟಿ, ಹಲಗೆಯ ಮೇಲಿನ ಒರಟು ಹಾಳೆ ಏನನ್ನೂ ಬಿಡುವಂತಿಲ್ಲ. ಬಿರುಕು ಅಡಗಿಕೊಳ್ಳುವುದೇ ಆ ಹಾಳೆಯ ಕೆಳಗೆ. ಹಲಗೆ ನೋಡಲು ಒಂದೇ ಮರದ ತುಂಡಿನಂತಿದ್ದರೂ, ಹೆಚ್ಚಿನವು ತೆಳುಮರದ ಹಲವು ಪದರಗಳನ್ನು ಅಂಟಿಸಿ ಒತ್ತಿದ್ದು. ಕೆಲವಕ್ಕೆ ಹೊರಗೆ ಗಾಜಿನ ನಾರಿನ ಹೊದಿಕೆಯೂ ಉಂಟು. ಕಡಲತೀರದ ಉಪ್ಪುನೀರು ಅಂಚಿನಿಂದಲೋ ಬೋಲ್ಟಿನ ತೂತಿನಿಂದಲೋ ಒಳಹೊಕ್ಕು ಮರವನ್ನು ಉಬ್ಬಿಸುತ್ತದೆ. ಪದರಗಳು ಒಂದರಿಂದೊಂದು ಬಿಡುತ್ತವೆ.

ಬಿಟ್ಟಿರುವುದು ಎಲ್ಲಿ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ, ಒಂದು ನಾಣ್ಯ ಸಾಕು. ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವಂತೆ ಹಲಗೆಯ ಉದ್ದಕ್ಕೂ ನಾಣ್ಯದಿಂದ ತಟ್ಟುತ್ತ ಹೋಗಬೇಕು. ಗಟ್ಟಿಯಿದ್ದ ಕಡೆ ಸದ್ದು ಚುರುಕಾಗಿರುತ್ತದೆ. ಪದರ ಬಿಟ್ಟ ಕಡೆ ಬೊಡ್ಡಾಗುತ್ತದೆ. ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಬೇಕು. ಅಂಚಿನಲ್ಲಿ ಪದರ ಬಿಟ್ಟಿದ್ದರೆ ಚಿಕಿತ್ಸೆಯುಂಟು. ಆದರೆ ನಾರುಗಳನ್ನು ಕತ್ತರಿಸಿಕೊಂಡು ಅಡ್ಡಲಾಗಿ ಹೋದ ಬಿರುಕು, ಅದರಲ್ಲೂ ತುದಿ ಮೇಲಕ್ಕೆ ಬಾಗುವ ಜಾಗದಲ್ಲೋ ಬೋಲ್ಟಿನ ತೂತುಗಳ ನಡುವೆಯೋ ಕಂಡರೆ, ಆ ಹಲಗೆಯ ಆಯುಸ್ಸು ಮುಗಿದಂತೆ. ಮೇಲೊಂದು ತೇಪೆ ಹಾಕಿ ಓಡಿಸುವವರೂ ಇದ್ದಾರೆ. ಅದು ಜಾಣತನವಲ್ಲ. ಹಳೆಯ ಹಲಗೆ ಕೊಳ್ಳುವವರು ಹೊಸ ಬಣ್ಣವನ್ನು ಅನುಮಾನದಿಂದಲೇ ನೋಡುವುದು ಮೇಲು.

ಉಳಿಸಬಹುದಾದ ಹಲಗೆಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ತಾಳ್ಮೆ ತಪ್ಪುವುದು ಇಲ್ಲೇ. ಒಂದು ವಾರ ಕಾಯಲು ಮನಸ್ಸಿಲ್ಲದೆ ಒದ್ದೆಮರಕ್ಕೆ ಅಂಟು ಹಾಕಿದರೆ ಅದು ಹಿಡಿಯುವುದಿಲ್ಲ. ಒಣಗಿದ ಮೇಲೆ ಬಿಟ್ಟ ಪದರವನ್ನು ತೆಳುವಾದ ಚಾಕುವಿನಿಂದ ಸ್ವಲ್ಪವೇ ಎತ್ತಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಸಿರಿಂಜಿನಿಂದ ಒಳಕ್ಕೆ ತಳ್ಳುತ್ತಾರೆ. ಎಪಾಕ್ಸಿಯಲ್ಲಿ ಎರಡು ದ್ರವಗಳಿರುತ್ತವೆ; ತಯಾರಕರು ಹೇಳಿದ ಅಳತೆಯಲ್ಲೇ ಬೆರೆಸಬೇಕು. ಗಟ್ಟಿಮಾಡುವ ದ್ರವವನ್ನು ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿಯಾದೀತು ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಹೆಚ್ಚಾದ ದ್ರವ ಸೇರಲು ಜೊತೆ ಸಿಗದೆ ಹಾಗೇ ಉಳಿದು ಅಂಟು ಮೆತ್ತಗಾಗುತ್ತದೆ. ಹಲಗೆಯ ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು ಇಟ್ಟು ಕ್ಲಾಂಪ್ ಬಿಗಿದು ಒಂದು ದಿನ ಬಿಡಬೇಕು. ಪ್ಲಾಸ್ಟಿಕ್ ಮರೆತವರ ಹಲಗೆಗೆ ಮರದ ತುಂಡೂ ಶಾಶ್ವತವಾಗಿ ಸೇರಿಕೊಳ್ಳುತ್ತದೆ!

ಬೋಲ್ಟಿನ ತೂತು ಸವೆದು ದೊಡ್ಡದಾಗಿದ್ದರೆ ದೋಣಿ ಕಟ್ಟುವವರ ಉಪಾಯ ಒಂದಿದೆ. ತೂತನ್ನು ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಪೂರ್ತಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಸರಿಯಾದ ಅಳತೆಯ ತೂತು ಕೊರೆಯುವುದು. ಆಗ ಬೋಲ್ಟಿಗೂ ಮರಕ್ಕೂ ನಡುವೆ ಎಪಾಕ್ಸಿಯ ಗೋಡೆ ನಿಲ್ಲುತ್ತದೆ. ಆ ದಾರಿಯಿಂದ ನೀರು ಮತ್ತೆ ಮರ ತಲುಪುವುದಿಲ್ಲ. ಗಾಜಿನ ನಾರಿರುವ ಹಲಗೆಯನ್ನು ಉಜ್ಜುವಾಗ ಮೂಗು ಬಾಯಿಗೆ ಮುಸುಕು ಬೇಕೇ ಬೇಕು.

ಹಲಗೆಗೂ ಚಕ್ರಕ್ಕೂ ನಡುವಿನ ಲೋಹದ ಜೋಡಣೆಗೆ ಟ್ರಕ್ ಎನ್ನುತ್ತಾರೆ. ನಮ್ಮ ಲಾರಿಗೂ ಇದಕ್ಕೂ ಸಂಬಂಧವಿಲ್ಲ. ಸವಾರ ಒಂದು ಬದಿಗೆ ವಾಲಿದರೆ ಟ್ರಕ್ ತಿರುಗಿ ಹಲಗೆ ಆ ಕಡೆಗೆ ಹೊರಳುತ್ತದೆ. ಅದನ್ನು ಮತ್ತೆ ನೇರಕ್ಕೆ ತರುವುದು ರಬ್ಬರಿನಂಥ ಬಿಲ್ಲೆ ಅಥವಾ ಸ್ಪ್ರಿಂಗ್. ಬಿಲ್ಲೆ ಹಳತಾದರೆ ಬಿರಿಯುತ್ತದೆ, ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಎರಡೂ ಕಡಿಮೆ ಬೆಲೆಯವು, ಬದಲಾಯಿಸುವುದೇ ಸರಿ. ಒಮ್ಮೆ ಬಿಚ್ಚಿದ ನೈಲಾನ್ ಬಳೆಯ ನಟ್ಟುಗಳನ್ನೂ ಹಾಗೆಯೇ ಹೊಸದಾಗಿ ಹಾಕಬೇಕು, ಏಕೆಂದರೆ ಪದೇ ಪದೇ ಬಳಸಿದ ನೈಲಾನ್ ಹಿಡಿತ ಬಿಡುತ್ತದೆ. ಎತ್ತಿನಗಾಡಿಯ ಕಡಾಣಿ ಕಳಚಿದರೆ ಏನಾಗುತ್ತದೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಈ ನಟ್ಟಿನ ಕೆಲಸವೂ ಅದೇ. ಸ್ಟೀಲಿನ ಬೋಲ್ಟು ಅಲ್ಯೂಮಿನಿಯಮ್ಮಿಗೆ ತಾಗುವಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುವುದರಿಂದ ಬಿಗಿಯುವ ಮುನ್ನ ಗ್ರೀಸ್ ಸವರುವ ರೂಢಿಯಿದೆ.

ಚಕ್ರ ಬಿಚ್ಚುವಾಗ ಒಂದು ಎಚ್ಚರಿಕೆ. ಇವುಗಳ ಹಬ್ ಸಾಮಾನ್ಯವಾಗಿ ಎರಡು ಹೋಳು. ಬೋಲ್ಟುಗಳು ಅವನ್ನು ಹಿಡಿದಿರುತ್ತವೆ. ಟ್ಯೂಬಿನ ಗಾಳಿ ಪೂರ್ತಿ ಬಿಡದೆ ಬೋಲ್ಟು ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೆ ಬಡಿಯಬಹುದು. ಒಳಗೆ ಚಕ್ರಕ್ಕೆರಡರಂತೆ ಒಟ್ಟು ಎಂಟು ಬೇರಿಂಗುಗಳು. ಮರಳು ಮತ್ತು ಉಪ್ಪಿಗೆ ಮೊದಲು ಬಲಿಯಾಗುವುದು ಇವೇ. ಬೆರಳಿನಲ್ಲಿ ತಿರುಗಿಸಿದಾಗ ಕರಕರ ಎಂದರೆ ರಬ್ಬರ್ ಮುಚ್ಚಳವನ್ನು ಸೂಜಿಯಿಂದ ಎತ್ತಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಗ್ರೀಸ್ ತುಂಬಿ ನೋಡಬಹುದು. ಆಮೇಲೂ ಸದ್ದು ಬಂದರೆ ಎಸೆಯುವುದೇ. ಅಚ್ಚು 12 ಮಿಲಿಮೀಟರ್ ದಪ್ಪವಿದ್ದು, ಬೇರಿಂಗಿನ ಹೊರವ್ಯಾಸ 28, ಅಗಲ 8 ಮಿಲಿಮೀಟರ್ ಇದ್ದರೆ ಅದು 6001 ಎಂಬ ಸಂಖ್ಯೆಯ ಮಾಮೂಲು ಬೇರಿಂಗ್. ಅಳತೆ ಜಗತ್ತಿಗೆಲ್ಲ ಒಂದೇ; ಬ್ರಿಸ್ಟಲ್‌ನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಬೇರಿಂಗ್ ಅಂಗಡಿಯವರಿಗೆ ಈ ನಂಬರ್ ಹೇಳಿದರೆ ಸಾಕು.

ಇಷ್ಟಾದ ಮೇಲೆ ತಮ್ಮಿಷ್ಟದಂತೆ ಒಗ್ಗಿಸಿಕೊಳ್ಳುವ ಕೆಲಸ. ಗುಡ್ಡ ಇಳಿಯುವ ಹಲಗೆಗೆ ಬ್ರೇಕ್ ಇದ್ದರೆ ಅದನ್ನು ಕಿತ್ತುಹಾಕುತ್ತಾರೆ, ಏಕೆಂದರೆ ಇಲ್ಲಿ ವೇಗ ತಗ್ಗಿಸಲು ಪಟವನ್ನೇ ಬಳಸುತ್ತಾರೆ. ಪಟದ ಎಳೆತಕ್ಕೆದುರಾಗಿ ಸವಾರ ಹಿಮ್ಮಡಿಯ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲುವುದರಿಂದ ಸ್ಪ್ರಿಂಗ್ ಬಿಗಿಯಾಗಿರಬೇಕು. ಮೆತ್ತಗಿನ ಮರಳಿಗೆ ಅಗಲವಾದ ಟಯರು, ಕಡಿಮೆ ಗಾಳಿ. ಗಟ್ಟಿನೆಲಕ್ಕೆ ತುಸು ಹೆಚ್ಚು. ಹಾರುವ ಹುಮ್ಮಸ್ಸಿನವರು ಹಿಡಿದುಕೊಳ್ಳಲೆಂದು ಹಲಗೆಯ ನಡುವೆ ಹಿಡಿಕೆ ಕೂರಿಸುತ್ತಾರೆ.

ಬಣ್ಣ? ಅದು ಹೆಚ್ಚಾಗಿ ಹಲಗೆಯ ಹೊಟ್ಟೆಗೆ. ಮೇಲ್ಭಾಗ ಒರಟು ಹಾಳೆಗೆ ಮೀಸಲು. ಸವಾರ ಹಾರಿದಾಗ ಕೆಳಗೆ ನಿಂತವರ ಕಣ್ಣಿಗೆ ಬೀಳುವುದು ತಳಭಾಗ. ನಮ್ಮ ಲಾರಿಗಳ ಹಿಂಬದಿಯಂತೆ ಅಲ್ಲಿ ಹೂವು, ಹುಲಿ, ಹೆಸರು ಏನೂ ಮೂಡಬಹುದು. ಅದರ ಮೇಲೆ ವಾರ್ನಿಷಿನ ಎರಡು ಮೂರು ಲೇಪ. ಅಂಚುಗಳಿಗೆ ಇನ್ನೊಂದು ಹೆಚ್ಚು.

ಒಣಗಿದ ಕೂಡಲೇ ಸಮುದ್ರಕ್ಕೆ ಓಡುವುದಲ್ಲ. ಹಲಗೆಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ಹತ್ತಿ, ಮೆಲ್ಲಗೆ ಕುಪ್ಪಳಿಸಿ ಕಿವಿಗೊಡಬೇಕು. ಟಕ್ ಎಂಬ ಸದ್ದು ಬಂದರೆ ಮತ್ತೆ ಬಿಚ್ಚಿ ನೋಡುವುದು. ಬರದಿದ್ದರೆ ಹುಲ್ಲಿನ ಇಳಿಜಾರಿನಲ್ಲಿ ಒಂದೆರಡು ಸಲ ಇಳಿದು, ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ಹೆಲ್ಮೆಟ್ ಧರಿಸಿ ಮರಳಿಗಿಳಿಯುವುದು. ಮೊದಲ ದಿನ ಮಂದಗಾಳಿ ಇರಬೇಕು, ಪಟ ಎಂದಿನದಕ್ಕಿಂತ ಚಿಕ್ಕದಿರಬೇಕು.