ತಂತ್ರಾಂಶದೊಡನೆ ಮೊದಲ ವಾರ

ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಗಳು ಪದವಿ ಮುಗಿಸುವ ಮುನ್ನ ಕೆಲವು ವಾರಗಳ ಕಾಲ ಕಾರ್ಖಾನೆಯಲ್ಲಿಯೋ ವಿನ್ಯಾಸ ಕಚೇರಿಯಲ್ಲಿಯೋ ತರಬೇತಿ ಪಡೆಯುವುದುಂಟು. ಹೊಸೂರಿನಂತಹ ಕೈಗಾರಿಕಾ ಊರಿನ ಕನ್ನಡ ಮನೆಗಳಲ್ಲಿ ‘ಇಂಟರ್ನ್‌ಶಿಪ್’ ಎಂಬ ಮಾತು ಈಗ ಹೊಸದಲ್ಲ. ಆದರೆ ದಿನವಿಡೀ ಗಣಕಯಂತ್ರದ ಮುಂದೆ ಕುಳಿತ ಆ ವಿದ್ಯಾರ್ಥಿ ಕಲಿಯುವುದೇನು ಎಂಬುದು ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಯಾವ ಗುಂಡಿಯನ್ನು ಯಾವಾಗ ಒತ್ತಬೇಕೆಂಬುದು ಆ ಕಲಿಕೆಯ ಸಣ್ಣ ಭಾಗ. ಗಣಕ ಕೊಟ್ಟ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಿಳಿಯುವುದೇ ಅದರ ದೊಡ್ಡ ಭಾಗ.

ಯಂತ್ರದ ಬಿಡಿಭಾಗವೊಂದು ಭಾರವನ್ನು ತಾಳುವುದೇ ಎಂದು ಮೊದಲೇ ಅರಿಯಲು ಬಳಸುವ ತಂತ್ರಾಂಶಗಳಲ್ಲಿ ಆನ್ಸಿಸ್, ಅಬಾಕಸ್, ನಾಸ್ಟ್ರಾನ್ ಮುಖ್ಯವಾದವು. ಇವುಗಳ ತಳಹದಿ ‘ಪರಿಮಿತ ಘಟಕ ವಿಧಾನ’. ವಕ್ರವಾದ ಅಂಚು, ರಂಧ್ರ, ತಿರುವುಗಳುಳ್ಳ ವಸ್ತುವನ್ನು ಒಂದೇ ಸೂತ್ರದಿಂದ ಲೆಕ್ಕ ಹಾಕಲಾಗದು. ಆದ್ದರಿಂದ ಅದನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಭಾಗಿಸಿ, ತುಂಡುಗಳು ಕೂಡುವ ಗಂಟುಗಳಲ್ಲಿ ಸಮೀಕರಣಗಳನ್ನು ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸಲಾಗುತ್ತದೆ. ವಿಮಾನದಂತಹ ರಚನೆಗಳ ವಿಶ್ಲೇಷಣೆಗಾಗಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ 1956ರಲ್ಲಿ ಪ್ರಕಟಿಸಿದ ಲೇಖನ ಈ ವಿಧಾನಕ್ಕೆ ದಾರಿ ತೆರೆಯಿತು. 1960ರಲ್ಲಿ ಕ್ಲಫ್ ಅದಕ್ಕೆ ಹೆಸರಿಟ್ಟರು.

ತರಬೇತಿಯ ಮೊದಲ ದಿನ ಸಾಮಾನ್ಯವಾಗಿ ಮಾನಗಳಿಗೇ ಮೀಸಲು. ಅಬಾಕಸ್ ತಂತ್ರಾಂಶಕ್ಕೆ ತನ್ನದೇ ಆದ ಅಳತೆಯ ಪದ್ಧತಿಯಿಲ್ಲ. ಅದು ಅಂಕಿಯನ್ನು ಮಾತ್ರ ಬಲ್ಲದು. ಆ ಅಂಕಿ ಮೀಟರೋ ಮಿಲಿಮೀಟರೋ ಎಂಬುದನ್ನು ಅರಿಯದು. ಉದ್ದವನ್ನು ಮಿಲಿಮೀಟರಿನಲ್ಲಿ, ಬಲವನ್ನು ನ್ಯೂಟನ್ನಿನಲ್ಲಿ, ಕಾಲವನ್ನು ಸೆಕೆಂಡಿನಲ್ಲಿ ಕೊಟ್ಟರೆ ದ್ರವ್ಯರಾಶಿಯನ್ನು ಟನ್ನಿನಲ್ಲಿಯೇ ಕೊಡಬೇಕು. ಪಠ್ಯಪುಸ್ತಕದಲ್ಲಿ ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕಿಲೋಗ್ರಾಂ ಎಂದಿದೆಯೆಂದು ಆ ಅಂಕಿಯನ್ನೇ ಬರೆದರೆ, ವಸ್ತುವಿನ ತೂಕ ಲಕ್ಷ ಕೋಟಿ ಪಟ್ಟು ಹೆಚ್ಚಾಗುತ್ತದೆ. ತಂತ್ರಾಂಶ ಅದನ್ನು ತಪ್ಪೆನ್ನುವುದಿಲ್ಲ. ಕೇಳಿದ ಲೆಕ್ಕವನ್ನು ಮಾಡಿ ಮುಗಿಸುತ್ತದೆ.

ಮುಂದಿನ ಪಾಠ ಆಧಾರಗಳದು. ಒಂದು ಮೀಟರ್ ಉದ್ದದ, 50 ಮಿಲಿಮೀಟರ್ ಚೌಕದ ಉಕ್ಕಿನ ಸರಳೊಂದರ ಒಂದು ತುದಿಯನ್ನು ಗೋಡೆಯಲ್ಲಿ ಬಿಗಿದು, ಇನ್ನೊಂದು ತುದಿಗೆ 1000 ನ್ಯೂಟನ್, ಎಂದರೆ ಸುಮಾರು 100 ಕಿಲೋ ತೂಕ ಹಾಕಿದರೆ ಆ ತುದಿ 3.2 ಮಿಲಿಮೀಟರ್ ಬಾಗುತ್ತದೆ. ಅದೇ ಸರಳಿನ ಎರಡು ತುದಿಗಳನ್ನೂ ಬಿಗಿದು, ಅದೇ ಭಾರವನ್ನು ನಡುವೆ ಇಟ್ಟರೆ ಬಾಗುವುದು 0.05 ಮಿಲಿಮೀಟರ್ ಮಾತ್ರ. ಎಂದರೆ ಅರವತ್ತನಾಲ್ಕನೆಯ ಒಂದು ಪಾಲು. ಸರಳು ಬದಲಾಗಲಿಲ್ಲ, ಭಾರ ಬದಲಾಗಲಿಲ್ಲ. ಅದನ್ನು ಎಲ್ಲಿ ಹಿಡಿದಿದೆ, ಭಾರ ಎಲ್ಲಿ ಬಿದ್ದಿದೆ ಎಂಬುದಷ್ಟೇ ಬದಲಾಯಿತು. ಇದನ್ನು ತಂತ್ರಾಂಶ ಊಹಿಸಲಾರದು. ವಸ್ತುವನ್ನು ಕಣ್ಣಾರೆ ಕಂಡವರೇ ಹೇಳಬೇಕು. ಆದ್ದರಿಂದ ಒಳ್ಳೆಯ ಮಾರ್ಗದರ್ಶಕರು ಇಂಟರ್ನನ್ನು ಮೊದಲು ಕಾರ್ಖಾನೆಯ ನೆಲಕ್ಕೆ ಕರೆದೊಯ್ದು, ಬೋಲ್ಟು ಎಲ್ಲಿದೆ, ಬೆಸುಗೆ ಎಲ್ಲಿದೆ ಎಂದು ತೋರಿಸುತ್ತಾರೆ.

ವಾರದ ನಡುವೆ ಜಾಲರಿಯ ಕೆಲಸ. ತುಂಡುಗಳು ದೊಡ್ಡವಾದರೆ ಲೆಕ್ಕ ಬೇಗ ಮುಗಿಯುತ್ತದೆ, ಉತ್ತರ ಒರಟಾಗುತ್ತದೆ. ಚಿಕ್ಕವಾದರೆ ಉತ್ತರ ನಿಖರವಾಗುತ್ತದೆ, ಆದರೆ ಒಂದು ಲೆಕ್ಕಕ್ಕೆ ಗಂಟೆಗಳು ಬೇಕಾಗಬಹುದು. ತುಂಡುಗಳನ್ನು ಹಂತಹಂತವಾಗಿ ಚಿಕ್ಕದು ಮಾಡುತ್ತಾ ಹೋಗಿ, ಉತ್ತರ ಬದಲಾಗದೆ ನಿಂತಾಗ ಅದನ್ನು ಒಪ್ಪುವುದು ರೂಢಿ. ಇದಕ್ಕೂ ಅಪವಾದವುಂಟು. ಒಳಮೂಲೆ ಚೂಪಾಗಿದ್ದರೆ ಅಲ್ಲಿ ತೋರುವ ಸ್ಟ್ರೆಸ್ ತುಂಡು ಚಿಕ್ಕದಾದಷ್ಟೂ ಏರುತ್ತಲೇ ಹೋಗುತ್ತದೆ. ಪರದೆಯ ಮೇಲಿನ ಆ ಕೆಂಪು ಬಣ್ಣ ನಿಜವಾದ ಅಪಾಯವೋ ಮಾದರಿಯ ದೋಷವೋ ಎಂದು ವಿವೇಚಿಸಬೇಕಾದವನು ಮನುಷ್ಯನೇ.

ಶುಕ್ರವಾರದ ಹೊತ್ತಿಗೆ ಇಂಟರ್ನ್ ಬಣ್ಣಬಣ್ಣದ ಚಿತ್ರಗಳೊಡನೆ ವರದಿ ಒಪ್ಪಿಸುತ್ತಾನೆ. ಆಗ ಹಿರಿಯ ಎಂಜಿನಿಯರು ಕೇಳುವ ಪ್ರಶ್ನೆಗಳು ಸರಳವಾದವು. ಹಾಕಿದ ಒಟ್ಟು ಭಾರಕ್ಕೂ ಆಧಾರಗಳು ಹೊತ್ತ ಒಟ್ಟು ಬಲಕ್ಕೂ ಸರಿಹೊಂದುತ್ತದೆಯೇ? ಕಾಗದದ ಮೇಲೆ ಕೈಲೆಕ್ಕ ಮಾಡಿದರೆ ಇದರ ಆಸುಪಾಸಿನ ಉತ್ತರವೇ ಬರುತ್ತದೆಯೇ? ಈ ಎರಡಕ್ಕೆ ಉತ್ತರವಿಲ್ಲದ ವರದಿ ಎಷ್ಟೇ ಅಂದವಾಗಿದ್ದರೂ ಹಿಂದಿರುಗುತ್ತದೆ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ನಾರ್ವೆಯ ಸ್ಟಾವಂಗರ್ ಬಳಿ, ಸ್ಲೈಪ್ನರ್-ಎ ಎಂಬ ಸಮುದ್ರ ವೇದಿಕೆಯ ಕಾಂಕ್ರೀಟ್ ತಳಭಾಗವನ್ನು 1991ರ ಆಗಸ್ಟ್ 23ರಂದು ಪರೀಕ್ಷೆಗಾಗಿ ನೀರಿಗಿಳಿಸುತ್ತಿದ್ದಾಗ ಅದರ ಗೋಡೆಯೊಂದು ಬಿರಿಯಿತು. ಪಂಪುಗಳು ಹೊರಹಾಕಲಾರದಷ್ಟು ನೀರು ಒಳನುಗ್ಗಿ ಇಡೀ ರಚನೆ ಮುಳುಗಿತು. ನಷ್ಟ ಸುಮಾರು 70 ಕೋಟಿ ಡಾಲರ್. ಆ ಗೋಡೆಗಳ ವಿನ್ಯಾಸಕ್ಕೆ ನಾಸ್ಟ್ರಾನ್ ಬಳಸಲಾಗಿತ್ತು. ದೋಷ ತಂತ್ರಾಂಶದ್ದಾಗಿರಲಿಲ್ಲ, ಆ ಜಾಗಕ್ಕೆ ಹೆಣೆದ ಜಾಲರಿ ಸೂಕ್ತವಾಗಿರಲಿಲ್ಲ. ಹೀಗಾಗಿ ಗೋಡೆಯನ್ನು ಕತ್ತರಿಸುವಂತೆ ವರ್ತಿಸುವ ಬಲದ ಲೆಕ್ಕ ಶೇ. 47ರಷ್ಟು ಕಡಿಮೆ ಬಂದಿತ್ತು. ಅನಂತರ ಎಚ್ಚರದಿಂದ ಮಾಡಿದ ಲೆಕ್ಕದ ಪ್ರಕಾರ ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕಾಗಿತ್ತು. ನಿಜದಲ್ಲಿ ಒಡೆದದ್ದು 65 ಮೀಟರಿನಲ್ಲಿ. ಸರಿಯಾದ ಉತ್ತರ ಕೈಗೆಟುಕದ ಸಂಗತಿಯೇನೂ ಆಗಿರಲಿಲ್ಲ.

ಭಾಷೆಯ ವಿದ್ಯಾರ್ಥಿಗಳಿಗೂ ಇಲ್ಲಿ ಗಮನಿಸಬೇಕಾದ ಅಂಶವಿದೆ. ಕನ್ನಡದಲ್ಲಿ ‘ಒತ್ತಡ’ ಎಂಬ ಒಂದೇ ಪದವನ್ನು ಟೈರಿನ ಗಾಳಿಗೂ ಮನಸ್ಸಿನ ಬೇಗುದಿಗೂ ಉಕ್ಕಿನೊಳಗೆ ಹರಡುವ ಬಲಕ್ಕೂ ಬಳಸುವುದುಂಟು. ಗಾಳಿಯ ಒತ್ತಡ ಹೊರಗಿನಿಂದ ಮೇಲ್ಮೈಯನ್ನು ಒತ್ತುತ್ತದೆ. ಸ್ಟ್ರೆಸ್ ಎಂಬುದು ವಸ್ತುವಿನ ಒಳಗೆ ಒಂದೊಂದು ಚದರ ಮಿಲಿಮೀಟರ್ ಹೊರುವ ಬಲ. ಈ ವ್ಯತ್ಯಾಸವನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಬಲ್ಲ ಇಂಟರ್ನ್ ತಾನು ಲೆಕ್ಕ ಹಾಕಿದ್ದೇನೆಂಬುದನ್ನು ಅರಿತಿದ್ದಾನೆ. ಇಂಗ್ಲಿಷ್ ಪಟ್ಟಿಯಿಂದ ಪದವನ್ನು ಆರಿಸಿದ್ದಷ್ಟೇ ಗೊತ್ತಿರುವವನು ಮನೆಯವರ ಪ್ರಶ್ನೆಗೂ ಹಿರಿಯರ ಪ್ರಶ್ನೆಗೂ ಒಂದೇ ಬಗೆಯಲ್ಲಿ ತಡವರಿಸುತ್ತಾನೆ.